ಮುಂಗಡ ಸಹಿ

ಸಂಜೆ ಐದು ಗಂಟೆ ಹತ್ತು ನಿಮಿಷ. ಗೋಡೆಯ ಗಡಿಯಾರವನ್ನು ನಾನು ಸಂತೋಷದಿಂದ ನೋಡಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ನೆನಪಿದೆ. ನಮ್ಮ ಸೆಕ್ಷನ್ ಆಫೀಸರ್ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತು, "ನೀನು ಹೊರಡಮ್ಮ. ಕನ್ನಡಕ ಬದಲಾಯಿಸ್ಬೇಕು ಅಂತ ತಿಂಗಳಿಂದ ಹೇಳ್ತಿದ್ದೀಯ. ಇವತ್ತು ನಾನೇ ಮುಚ್ತೀನಿ," ಎಂದರು. ಗುರುವಾರ. ಮೆಟ್ರೊ ಜನಕಪುರಿಯವರೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ.

ನಾನು ಆ ಕಚೇರಿ ಸೇರಿ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷದಲ್ಲಿ ಅವರು ಒಂದು ಸಂಜೆಯೂ ಆ ಕೊಠಡಿಯನ್ನು ತಾವೇ ಮುಚ್ಚಿರಲಿಲ್ಲ. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವರ ಒಳ್ಳೆಯತನ ಎಂದುಕೊಂಡೆ.

ಸರ್ಕಾರದ ಗುಮಾಸ್ತ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಒಂದು ಸಣ್ಣ ಕಚೇರಿ ನಮ್ಮದು. ಮೂರನೇ ಮಹಡಿಯ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೊಠಡಿ, ಅದರೊಳಗೆ ನಾಲ್ಕು ಉಕ್ಕಿನ ಬೀರು. ಅಚ್ಚಾಗಿ ಬಂದ ಪ್ರಶ್ನೆಪತ್ರಿಕೆಗಳು ಕೇಂದ್ರಗಳಿಗೆ ಹೊರಡುವ ತನಕ ಅಲ್ಲಿ ಇರುತ್ತಿದ್ದವು. ದಿನಾ ಸಂಜೆ ಆರೂ ಕಾಲಿಗೆ ಆಫೀಸರ್ ಮತ್ತು ಅಸಿಸ್ಟೆಂಟ್ ಇಬ್ಬರೂ ಎದುರಿದ್ದು ಬಾಗಿಲು ಮುಚ್ಚಬೇಕು. ಬೀಗಕ್ಕೆ ಬಟ್ಟೆ ಸುತ್ತಿ, ಅರಗು ಕರಗಿಸಿ, ಹಿತ್ತಾಳೆಯ ಮುದ್ರೆ ಒತ್ತಬೇಕು. ರಿಜಿಸ್ಟರಿನಲ್ಲಿ ಸಮಯ ಬರೆದು ಇಬ್ಬರೂ ಸಹಿ ಮಾಡಿ, ಕೀಲಿಯ ಲಕೋಟೆಯನ್ನು ಕೆಳಗಡೆ ಕಾವಲಿನವರ ಪೆಟ್ಟಿಗೆಯೊಳಗೆ ಹಾಕಿ ಹೋಗಬೇಕು. ಇದು ನಿಯಮ.

ನಡೆಯುತ್ತಿದ್ದುದು ಬೇರೆ. ಕಟ್ಟಡದ ಹಿಂದಿನಿಂದ ಐದು ನಲವತ್ತಕ್ಕೆ ಜನಕಪುರಿಯ ಚಾರ್ಟರ್ಡ್ ಬಸ್ ಹೊರಡುತ್ತಿತ್ತು. ಒಂದೇ ಕಾಲೊನಿಯ ನೌಕರರೆಲ್ಲ ಸೇರಿ ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿಕೊಂಡ ಖಾಸಗಿ ಬಸ್ಸು ಅದು. ಎಲ್ಲರಿಗೂ ಕಾಯಂ ಸೀಟು. ದೆಹಲಿಯ ಸರ್ಕಾರಿ ನೌಕರನಿಗೆ ಕಚೇರಿಗಿಂತ ಚಾರ್ಟರ್ಡ್ ಹೆಚ್ಚು ಕಟ್ಟುನಿಟ್ಟು. ಕಚೇರಿ ಕಾಯುತ್ತದೆ, ಚಾರ್ಟರ್ಡ್ ಕಾಯುವುದಿಲ್ಲ. ನಮ್ಮ ಆಫೀಸರ್ ಹನ್ನೆರಡು ವರ್ಷದಿಂದ ಅದರ ಹಿಂದಿನ ಸಾಲಿನಲ್ಲಿ ಕೂತು ಮೂವರು ಗೆಳೆಯರೊಡನೆ ಇಸ್ಪೀಟು ಆಡುತ್ತ ಮನೆಗೆ ಹೋಗುತ್ತಿದ್ದರು. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಅವರು ರಿಜಿಸ್ಟರಿನ ತಮ್ಮ ಕಾಲಮ್ಮಿನಲ್ಲಿ ಸಹಿ ಹಾಕಿಡುವರು, ಸಂಜೆ ನಾನೊಬ್ಬಳೇ ಬಾಗಿಲು ಮುಚ್ಚಿ ಸಮಯ ತುಂಬುವೆ. ಮುಂಗಡ ಸಹಿ ಎನ್ನುತ್ತಿದ್ದೆವು. ಇಡೀ ಮಹಡಿಗೆ ಗೊತ್ತಿದ್ದ ವಿಷಯ.

ಆ ಗುರುವಾರ ಮಾತ್ರ ತಲೆಕೆಳಗಾಯಿತು. "ನಿನ್ನ ಸಹಿ ಈಗಲೇ ಹಾಕಿ ಹೋಗು. ಸಮಯಾನೂ ಬರೆದುಬಿಡು, ಆರೂ ಕಾಲು ಅಂತ," ಎಂದರು. ನಿಂತುಕೊಂಡೇ ಬರೆದೆ. ಬ್ಯಾಗು ಆಗಲೇ ಹೆಗಲ ಮೇಲಿತ್ತು.

ಕರೋಲ್ ಬಾಗಿನಲ್ಲಿ ಇಳಿದು ಕನ್ನಡಕದ ಅಂಗಡಿಗೆ ಹೋದೆ. ಗದ್ದವನ್ನು ಒಂದು ಯಂತ್ರಕ್ಕೆ ಒತ್ತಿ ಕೂರಿಸಿದರು. ಯಂತ್ರ ಕಿರ್ರೆಂದು ಬೆರಳಗಲದ ಒಂದು ಚೀಟಿಯನ್ನು ಉಗುಳಿತು. ಎರಡು ಕಣ್ಣಿನ ಅಂಕಿಗಳು, ಕೆಳಗೆ ದಿನಾಂಕ, ಸಮಯ. ಆರು ಗಂಟೆ ಎಂಟು ನಿಮಿಷ. ಅಂಗಡಿಯವನು ಅದನ್ನು ರಸೀದಿಗೆ ಪಿನ್ನು ಹೊಡೆದು ಕೊಟ್ಟ. ನಾನು ರಸ್ತೆಯಲ್ಲಿ ಸುಟ್ಟ ಗೆಣಸಿನ ಶಕರಕಂದಿ ಚಾಟ್ ತಿಂದು, ಹೊಸ ಫ್ರೇಮು ಮುಖಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಯೋಚಿಸುತ್ತ ಮನೆಗೆ ಹೋದೆ.

ಪ್ರಶ್ನೆಪತ್ರಿಕೆಯ ಪೊಟ್ಟಣಗಳು ಮುದ್ರಣಾಲಯದಿಂದ ಬಂದದ್ದು ಆ ಗುರುವಾರ ಮಧ್ಯಾಹ್ನ. ಕೇಂದ್ರಗಳಿಗೆ ಹೊರಟದ್ದು ಶುಕ್ರವಾರ ಬೆಳಿಗ್ಗೆ. ಭಾನುವಾರ ಪರೀಕ್ಷೆ. ಅಂದು ಮಧ್ಯಾಹ್ನದ ಹೊತ್ತಿಗೆ ಅದೇ ಪ್ರಶ್ನೆಗಳ ನಕಲು ಒಂದು ಕೋಚಿಂಗ್ ಕೇಂದ್ರದ ಹುಡುಗರ ಕೈಯಲ್ಲಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಪೊಟ್ಟಣಗಳನ್ನೆಲ್ಲ ವಾಪಸು ತರಿಸಿ ನೋಡಿದರೆ ಒಂದರ ತಳವನ್ನು ಬ್ಲೇಡಿನಲ್ಲಿ ಕೊಯ್ದು ಮತ್ತೆ ಅಂಟಿಸಿದ್ದರು. ಆ ಪೊಟ್ಟಣ ನಮ್ಮ ಬೀರುವಿನಲ್ಲಿ ಇದ್ದದ್ದು ಒಂದೇ ಸಂಜೆ.

ತನಿಖಾಧಿಕಾರಿ ಹನ್ನೊಂದಕ್ಕೆ ಬಂದರು. ಐವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ, ಹರಿಯಾಣದ ಕಡೆಯ ಇನ್ಸ್‌ಪೆಕ್ಟರ್. ಯಾರನ್ನೂ ಗದರಿಸಲಿಲ್ಲ. ಚಹಾ ಕುಡಿಯುತ್ತ, ರಿಜಿಸ್ಟರಿನ ಹಾಳೆ ತಿರುವುತ್ತ, ಏನೋ ಕಾಲಹರಣಕ್ಕೆಂಬಂತೆ ಕೇಳಿದರು: ಸಂಜೆ ಈ ಕೊಠಡಿ ಮುಚ್ಚುವವರು ಯಾರು?

"ನಾನೇ," ಎಂದೆ.

ಅದು ನಿಜ. ನಾಲ್ಕು ವರ್ಷದ ಎಲ್ಲ ಸಂಜೆಗಳಿಗೂ ಅದು ನಿಜವಾಗಿತ್ತು, ಒಂದನ್ನು ಬಿಟ್ಟು. ಅವರಿಗೆ ಬೇಕಾಗಿದ್ದದ್ದು ಆ ಒಂದೇ ಸಂಜೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವರು ಜೇಬಿನ ಡೈರಿಯಲ್ಲಿ ಏನೋ ಬರೆದು ಮುಚ್ಚಿದ್ದರು. ಈಗಲೂ, ಇಷ್ಟು ವರ್ಷದ ಮೇಲೂ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಆ ಪ್ರಶ್ನೆ ಕಿವಿಗೆ ಬೀಳುತ್ತದೆ. ನಾನು ಬೇರೆ ಬೇರೆ ಉತ್ತರ ಕೊಟ್ಟು ನೋಡುತ್ತೇನೆ. ಯಾವ ದಿನದ್ದು ಕೇಳುತ್ತಿದ್ದೀರಿ ಎನ್ನುತ್ತೇನೆ. ಸುಮ್ಮನೆ ನಿಲ್ಲುತ್ತೇನೆ. ಆ ಡೈರಿ ಮಾತ್ರ ಪ್ರತಿ ಸಲವೂ ಮುಚ್ಚಿಕೊಳ್ಳುತ್ತದೆ.

ಮಧ್ಯಾಹ್ನ ಆಫೀಸರ್ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

"ಹೆದರಬೇಡ. ಪೊಲೀಸರ ಹತ್ರ ಬಾಯಿ ಮುಚ್ಕೊಂಡಿದ್ರೇನೇ ಅನುಮಾನ ಬರೋದು. ದಿನಾ ಏನು ನಡೀತಿತ್ತೋ ಅದನ್ನೇ ಹೇಳಿಬಿಡು. ನಾನು ಚಾರ್ಟರ್ಡ್‌ಗೆ ಹೋಗ್ತೀನಿ, ನೀನು ಮುಚ್ತೀಯ. ನಾನೂ ಅದನ್ನೇ ಹೇಳ್ತೀನಿ. ಇಬ್ಬರ ಮಾತೂ ಒಂದೇ ಆದ್ರೆ ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ."

"ಆದ್ರೆ ಸರ್, ಗುರುವಾರ..."

"ಗುರುವಾರ ಅಂತ ಬೇರೆ ಏನೂ ಇಲ್ಲಮ್ಮ. ಎಲ್ಲಾ ದಿನಾನೂ ಒಂದೇ."

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದಾದ ಮೇಲೂ ಎರಡು ದಿನ ನಾನು ಅವರನ್ನು ನಂಬಿದೆ. ಟ್ರಂಕು ಹಿಡಿದು ದೆಹಲಿಗೆ ಬಂದ ದಿನ ಸ್ಟೇಷನ್ನಿಗೆ ಬಂದವರು ಅವರು. ಚಾರ್ಟರ್ಡ್‌ನ ತಮ್ಮ ಇಸ್ಪೀಟಿನ ಜೊತೆಗಾರನ ಮನೆಯ ಮೇಲ್ಮಹಡಿಯಲ್ಲಿ ನನಗೆ ಬಾಡಿಗೆಯ ಕೋಣೆ ಕೊಡಿಸಿದವರೂ ಅವರೇ. ಯುಗಾದಿಗೆ, ಗಣಪತಿ ಹಬ್ಬಕ್ಕೆ ಅವರ ಮನೆಯಲ್ಲೇ ನನ್ನ ಊಟ. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಊರಿನಿಂದ ಎರಡು ದಿನದ ರೈಲು ಪ್ರಯಾಣದಷ್ಟು ದೂರ ಬಂದು ಕೂತವರು ಕನ್ನಡ ಕೇಳಿದ ಕೂಡಲೇ ನಂಬಿಬಿಡುತ್ತೇವೆ. ಅವರಿಗೆ ಅದು ಗೊತ್ತಿತ್ತು. ನನ್ನ ಜಾಗದಲ್ಲಿ ಒಬ್ಬ ಪಂಜಾಬಿ ಹುಡುಗಿ ಇದ್ದಿದ್ದರೆ ಅವರು ಮುಂಗಡ ಸಹಿ ಕೇಳುವ ಧೈರ್ಯ ಮಾಡುತ್ತಿರಲಿಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಬುಧವಾರ ಎರಡು ಕಾಗದ ಒಟ್ಟಿಗೆ ಬಂದವು. ಒಂದು ಪೊಲೀಸರ ನೋಟಿಸು. ಹೆಂಗಸಾದ್ದರಿಂದ ನನ್ನನ್ನು ಠಾಣೆಗೆ ಕರೆಯುವ ಹಾಗಿಲ್ಲವಂತೆ, ಶನಿವಾರ ಮನೆಗೇ ಬಂದು ವಿಚಾರಿಸುತ್ತಾರಂತೆ. ಇನ್ನೊಂದು ಕಚೇರಿಯ ಮೆಮೊ. ಹತ್ತು ದಿನದಲ್ಲಿ ವಿವರಣೆ ಕೊಡಬೇಕು. ಜೊತೆಗೆ ಆಫೀಸರ್ ಆಗಲೇ ಕೊಟ್ಟಿದ್ದ ವಿವರಣೆಯ ನಕಲು ಲಗತ್ತಾಗಿತ್ತು.

ಅದನ್ನು ಕಚೇರಿಯ ಹೆಂಗಸರ ಶೌಚಾಲಯದಲ್ಲಿ ನಿಂತು ಓದಿದೆ. ಮುಂಗಡ ಸಹಿ ಹಾಕುತ್ತಿದ್ದದ್ದು ತಮ್ಮ ಲೋಪ, ಅದನ್ನು ವಿನಯದಿಂದ ಒಪ್ಪಿಕೊಳ್ಳುತ್ತೇನೆ ಎಂದು ಶುರುವಾಗಿತ್ತು. ಎಂದಿನಂತೆ ಆ ಗುರುವಾರವೂ ಐದು ನಲವತ್ತರ ಬಸ್ಸಿನಲ್ಲಿ ಮನೆಗೆ ಹೋದೆ. ಎಂದಿನಂತೆ ಕೀಲಿ ನನ್ನ ಅಸಿಸ್ಟೆಂಟ್ ಬಳಿ ಇತ್ತು. ಎಂದಿನಂತೆ ಅವಳೊಬ್ಬಳೇ ಕೊಠಡಿ ಮುಚ್ಚಿದ್ದಾಳೆ, ಸಮಯ ಅವಳ ಕೈಬರಹದಲ್ಲೇ ಇದೆ. ಕೊನೆಯ ಸಾಲು: ಇತ್ತೀಚೆಗೆ ಅವಳ ಓಡಾಟ, ಖರ್ಚು ಹೆಚ್ಚಾಗಿರುವುದನ್ನು ಗಮನಿಸಿದ್ದೆ, ಆದರೆ ನಮ್ಮ ಊರಿನ ಹುಡುಗಿಯೆಂದು ಸುಮ್ಮನಿದ್ದೆ.

ನನಗೆ ಅಳು ಬರಲಿಲ್ಲ. ನಮ್ಮ ಊರಿನ ಹುಡುಗಿ ಎಂಬ ಪದಗಳ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ. ಈ ಮನುಷ್ಯ ಹಾಳಾಗಬೇಕು, ನನ್ನ ಕಣ್ಣೆದುರಿಗೇ ಹಾಳಾಗಬೇಕು ಎಂದು ಸ್ಪಷ್ಟವಾಗಿ, ಶಾಂತವಾಗಿ ಅನ್ನಿಸಿತು. ಅಲ್ಲಿಯವರೆಗೆ ಯಾರ ಬಗ್ಗೆಯೂ ನನಗೆ ಹಾಗೆ ಅನ್ನಿಸಿರಲಿಲ್ಲ. ಅದು ನನ್ನನ್ನು ಬೆಚ್ಚಿಸಲಿಲ್ಲ ಕೂಡ. ಕಾಲಿಗೆ ನೆಲ ಸಿಕ್ಕ ಹಾಗಾಯಿತು.

ಅವತ್ತು ಸಂಜೆ ಮನೆಯೊಡತಿ ಆಂಟಿ ನನ್ನ ಮುಖ ನೋಡಿ ಕೆಳಗೆ ಕೂರಿಸಿಕೊಂಡರು. ಎಲ್ಲವನ್ನೂ ಹೇಳಿದೆ. ಅವರ ಗಂಡ, ನಾನು ಅಂಕಲ್ ಎನ್ನುತ್ತಿದ್ದ ಆಫೀಸರ್ ಅವರ ಇಸ್ಪೀಟಿನ ಜೊತೆಗಾರ, ಪಕ್ಕದಲ್ಲಿ ಮೂಲಂಗಿ ಪರಾಠಾ ತಿನ್ನುತ್ತಿದ್ದರು. ಅವರು ಬೇರೊಂದು ಸಚಿವಾಲಯದಲ್ಲಿ ಹಿರಿಯ ಗುಮಾಸ್ತರು, ಪೊಲೀಸು ಎಂಬ ಮಾತು ಬಂದರೆ ಟಿವಿಯ ಸದ್ದು ಜಾಸ್ತಿ ಮಾಡುವ ಜಾತಿ. ಬಸ್ಸಿನ ಮಾತು ಬಂದಾಗ ಮಾತ್ರ ತಲೆಯೆತ್ತಿದರು.

"ಯಾವ ಗುರುವಾರ? ಪರೀಕ್ಷೆಯ ಹಿಂದಿನ ಗುರುವಾರವಾ? ಅವತ್ತು ಅವನೆಲ್ಲಿ ಬಂದಿದ್ದ ಬೇಟಾ," ಎಂದರು ಹಿಂದಿಯಲ್ಲಿ.

ಬ್ರೀಫ್‌ಕೇಸನ್ನು ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡು ಅವರು ಆಡುತ್ತಿದ್ದ ಆಟ ಸೀಪ್. ಇಬ್ಬಿಬ್ಬರ ಜೋಡಿ, ನಾಲ್ವರೇ ಬೇಕು. ಮೂವರಿದ್ದರೆ ಆಟವೇ ಇಲ್ಲ. ಅವತ್ತು ಮೂವರೂ ಕಿಟಕಿ ನೋಡುತ್ತ ಮನೆಗೆ ಬಂದಿದ್ದರು. ಶುಕ್ರವಾರ ಅವನನ್ನು ಹಿಡಿದು ಸಿಕ್ಕಾಪಟ್ಟೆ ರೇಗಿಸಿದೆವು, ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ ಅಂದ, ಎಂದರು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವರಿಗೇ ಅರಿವಾಯಿತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಮರಳಿ ಬಂದು, ತನ್ನನ್ನು ಇದಕ್ಕೆಲ್ಲ ಎಳೆಯಬೇಡ, ಹನ್ನೆರಡು ವರ್ಷದ ಸ್ನೇಹ, ನಿವೃತ್ತಿಗೆ ಎರಡು ವರ್ಷ ಇದೆ ಎಂದರು.

ಗುರುವಾರ ರಜೆ ಹಾಕಿ ತೀಸ್ ಹಜಾರಿ ಕೋರ್ಟಿಗೆ ಹೋದೆ. ಕನ್ನಡದವರ ಹಬ್ಬದ ಕೂಟಗಳಲ್ಲಿ ಪರಿಚಯವಾಗಿದ್ದ ವಕೀಲೆಯೊಬ್ಬರ ಚೇಂಬರು ಅಲ್ಲಿತ್ತು. ಮೂವತ್ತು ವರ್ಷದಿಂದ ದೆಹಲಿಯಲ್ಲಿದ್ದವರು, ಬೆಳ್ಳಗಿನ ಗಿಡ್ಡ ಕೂದಲು, ನಗು ಕಡಿಮೆ. ಮೆಮೊ ಓದಿದರು. ಬಸ್ಸಿನ ವಿಷಯ ಕೇಳಿದರು. ಕನ್ನಡಕದ ಚೀಟಿಯನ್ನು ಬೆಳಕಿಗೆ ಹಿಡಿದರು.

"ಅಚ್ಛಾ. ಈ ಕಾಗದದ ಮೇಲಿನ ಅಕ್ಷರ ಬೇಗ ಅಳಿಸಿಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸಿ ಅಟೆಸ್ಟ್ ಮಾಡಿಸು. ಇನ್ನೊಂದು ತಿಳ್ಕೊ. ಇದು ನಿನ್ನನ್ನ ಕಳ್ಳತನದಿಂದ ಬಿಡಿಸುತ್ತೆ, ಸುಳ್ಳು ದಾಖಲೆಯಲ್ಲಿ ಹಿಡಿದುಕೊಡುತ್ತೆ. ಆರು ಎಂಟಕ್ಕೆ ಕರೋಲ್ ಬಾಗಲ್ಲಿ ಕೂತವಳು ಆರೂ ಕಾಲಿಗೆ ಬೀಗ ಹಾಕಿದೀನಿ ಅಂತ ಬರೆದಿದ್ದೀಯ. ಅದೂ ಅಪರಾಧಾನೇ."

ನಾನು ಹೇಳಿದೆ, ಶನಿವಾರ ಅವರು ಬಂದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ, ನನಗೇನಾದರೂ ಆಗಲಿ, ಆ ಮನುಷ್ಯನನ್ನು ಒಳಗೆ ಹಾಕಿಸಬೇಕು.

"ಹಾಕಿಸು," ಎಂದರು. "ಬೇಡ ಅಂದವರು ಯಾರು? ಆದ್ರೆ ಶನಿವಾರ ನೀನು ಬಸ್ಸಿನ ಮಾತೆತ್ತಿದ್ರೆ ಸೋಮವಾರಕ್ಕೆ ಅವನಿಗೆ ಜ್ಞಾಪಕ ಬರುತ್ತೆ, 'ಅರೆ, ಅವತ್ತು ಹಲ್ಲುನೋವು, ಬೇಗ ಆಟೋ ಹಿಡಿದು ಹೋದೆ' ಅಂತ. ಈಗ ಅವನು ಒಂದು ಕಾಗದದಲ್ಲಿ ಮಾತ್ರ ಬರೆದಿದ್ದಾನೆ. ಪೊಲೀಸರ ಮುಂದೆ ಹೇಳ್ಲಿ. ವಿಚಾರಣೆಯಲ್ಲಿ ಇನ್ನೊಂದು ಸಲ ಬರೆದುಕೊಡ್ಲಿ. ಅವನು ಮಾತಾಡ್ತಾ ಹೋಗೋ ಮನುಷ್ಯ. ನೀನು ಬಾಯಿ ಮುಚ್ಕೊಂಡಿರು."

"ಎಲ್ಲಾರೂ ನಾನೇ ಕಳ್ಳಿ ಅನ್ಕೋತಾರೆ ಮೇಡಂ."

"ಅನ್ಕೊಳ್ಳಿ. ಅನ್ಕೊಂಡವರು ಯಾರೂ ತೀರ್ಪು ಬರೆಯಲ್ಲ. ನಿನ್ನನ್ನೇ ಸಿಕ್ಕಿಸೋ ಪ್ರಶ್ನೆಗೆ ಉತ್ತರ ಕೊಡದೇ ಇರೋ ಹಕ್ಕು ನಿನಗಿದೆ. ಸುಳ್ಳು ಹೇಳೋ ಹಕ್ಕಿಲ್ಲ. ಅಷ್ಟು ನೆನಪಿಟ್ಕೊ, ಚಲೋ."

ಮೆಮೊಗೆ ಕಾಲಾವಕಾಶ ಕೇಳಿ ಎರಡು ಸಾಲು ಅವರೇ ಬರೆದರು. ಶುಕ್ರವಾರ ನಿರೀಕ್ಷಣಾ ಜಾಮೀನು ಕೊಡಿಸಿದರು, ಅಂದರೆ ತಕ್ಷಣಕ್ಕೆ ನನ್ನನ್ನು ಬಂಧಿಸುವಂತಿಲ್ಲ, ಕರೆದಾಗ ಹಾಜರಿರಬೇಕು.

ಶನಿವಾರ ಇನ್ಸ್‌ಪೆಕ್ಟರ್ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಜೊತೆ ಬಂದರು. ಜೀಪು ಗಲ್ಲಿಯ ಬಾಯಲ್ಲೇ ನಿಂತಿತು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಅದೇ ಬಟ್ಟೆಯನ್ನು ಮತ್ತೆ ಮತ್ತೆ ಕೊಡವಿದರು. ಆಂಟಿಯ ಸೋಫಾದಲ್ಲಿ ಕೂತೆವು. ಹೆಸರು, ಊರು, ಓದು, ಕೆಲಸಕ್ಕೆ ಸೇರಿದ ವರ್ಷ, ಎಲ್ಲ ಹೇಳಿದೆ. ಆಮೇಲೆ ಅವರು ರಿಜಿಸ್ಟರಿನ ಹಾಳೆಯ ನಕಲು ತೆಗೆದು, ಈ ಸಹಿ ನಿಮ್ಮದಾ ಎಂದು ಕೇಳಿದರು.

ನಾನು ಬಾಯಿಪಾಠ ಮಾಡಿದ್ದ ವಾಕ್ಯವನ್ನು ಹೇಳಿದೆ: ಇದಕ್ಕೆ ಈಗ ಉತ್ತರ ಕೊಡುವುದಿಲ್ಲ, ಹೇಳುವುದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೇನೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮ ಸಾಹೇಬರು ತಾವಾಗಿಯೇ ಎರಡು ಸಲ ಬಂದು ಹೋದರು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟರು ಎಂದರು. ಓದಿದ ಹುಡುಗಿ, ವಕೀಲರ ಹಿಂದೆ ಅಡಗಿಕೊಂಡರೆ ನಾನು ಯಾರನ್ನು ನಂಬಲಿ ಬೇಟಾ, ಎಂದರು. ಆ ಬೇಟಾ ನನ್ನನ್ನು ಮುರಿಯುವುದರಲ್ಲಿತ್ತು. ಗಂಟಲಿನವರೆಗೆ ಬಂದಿತ್ತು ಎಲ್ಲ: ಕನ್ನಡಕ, ಬಸ್ಸು, ಮೆಟ್ಟಿಲ ಹತ್ತಿರದ ಮಾತು. ಹೇಳಿಬಿಟ್ಟರೆ ಅವರ ಮುಖ ಬದಲಾಗುತ್ತದೆ, ಯಾರೋ ಒಬ್ಬರಾದರೂ ನನ್ನನ್ನು ಒಳ್ಳೆಯವಳೆಂದು ನೋಡುತ್ತಾರೆ. ನಾನು ಸೋಫಾದ ಹೊದಿಕೆಯ ಕುಚ್ಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೆ. ಬೆರಳ ತುದಿ ನೀಲಿಯಾಯಿತು. ಮಹಿಳಾ ಕಾನ್‌ಸ್ಟೇಬಲ್ ಅದನ್ನೇ ನೋಡುತ್ತಿದ್ದಳು.

ಕೊನೆಗೆ ಅವರು ಎದ್ದರು. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಅವತ್ತು ತಿಳಿಯಿತು.

ಆಮೇಲಿನ ಐದು ವಾರ ಕಚೇರಿಯಲ್ಲಿ ನನ್ನನ್ನು ಡಿಸ್ಪ್ಯಾಚಿಗೆ ಹಾಕಿದರು. ಲಕೋಟೆಗಳಿಗೆ ಅಂಟು ಹಚ್ಚುವ ಕೆಲಸ. ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚು ಖಾಲಿಯಾಗುತ್ತಿತ್ತು. "ಬಾಯಿ ಬಿಡ್ತಿಲ್ಲವಂತೆ, ಪಕ್ಕಾ ಇವಳೇ," ಎಂದು ಒಬ್ಬಾಕೆ ನನಗೆ ಕೇಳಲೆಂದೇ ಹೇಳಿದಳು. ಆಫೀಸರ್ ಮಾತ್ರ ಎಲ್ಲರ ನಡುವೆ ಕೂತು ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಿದ್ದರು. ತಪ್ಪು ಮಾಡದವನು ಪೊಲೀಸರಿಗೆ ಯಾಕೆ ಹೆದರಬೇಕು, ನಾನು ಹೋಗಿ ಎದೆ ಬಿಚ್ಚಿ ಹೇಳಿಬಂದೆ ಎನ್ನುತ್ತಿದ್ದರು. ನನಗೆ ಉರಿಯುತ್ತಿತ್ತು, ಅದರ ಜೊತೆಗೆ ಒಂದು ರೀತಿಯ ಹಸಿವೂ ಆಗುತ್ತಿತ್ತು. ಹೇಳಿ, ಹೇಳಿ, ಇನ್ನೂ ಹೇಳಿ ಎಂದುಕೊಳ್ಳುತ್ತಿದ್ದೆ. ಇಲಾಖೆಯ ವಿಚಾರಣೆಯಲ್ಲಿ ಅವರು ಬಸ್ಸಿನ ಮಾತನ್ನು ಮತ್ತೆ ಬರೆದು ಸಹಿ ಹಾಕಿದ ದಿನ ವಕೀಲೆಗೆ ಫೋನು ಮಾಡಿ ಹೇಳಿದೆ. ನನ್ನ ದನಿಯಲ್ಲಿ ಖುಷಿಯಿತ್ತು.

ನಿದ್ದೆ ಆ ಸೋಮವಾರದಿಂದಲೇ ಹೋಗಿತ್ತು. ಎರಡು ಗಂಟೆ ಮಲಗಿದರೆ ಹೆಚ್ಚು. ಜಾಮೀನು ರದ್ದಾದರೆ? ಅಂಕಲ್ ಬಸ್ಸಿನ ಮಾತು ಹೇಳಲು ಒಪ್ಪದಿದ್ದರೆ? ಊರಿನಲ್ಲಿ ಅಪ್ಪ ಪೇಪರಿನಲ್ಲಿ ಓದಿದರೆ?

ಆರನೆಯ ಭಾನುವಾರ ಆಫೀಸರ್ ಹೆಂಡತಿಯೊಡನೆ ನನ್ನ ಕೋಣೆಗೆ ಬಂದರು. ಆಂಟಿ, ಅಂಕಲ್ ಗುರುದ್ವಾರಕ್ಕೆ ಹೋಗಿದ್ದರು. ಅಕ್ಕ ಸ್ಟೀಲಿನ ಡಬ್ಬಿಯಲ್ಲಿ ಬಿಸಿಬೇಳೆಭಾತ್ ತಂದಿದ್ದರು.

"ಸೊರಗಿದ್ದೀಯಲ್ಲೇ," ಎಂದು ಅಕ್ಕ ನನ್ನ ಗಲ್ಲ ಮುಟ್ಟಿದರು.

ಆಫೀಸರ್ ನನ್ನ ಒಂದೇ ಕುರ್ಚಿಯಲ್ಲಿ ಕೂತರು. "ಯಾರೋ ವಕೀಲರ ಮಾತು ಕೇಳ್ಕೊಂಡು ಹಾಳಾಗ್ತಿದ್ದೀಯಮ್ಮ. ಒಂದು ಸಲ ಹೋಗಿ, ನಾನೇ ಮುಚ್ಚಿದೆ, ಆಮೇಲೆ ಏನಾಯ್ತೋ ಗೊತ್ತಿಲ್ಲ ಅಂದುಬಿಡು. ನಾನಿದ್ದೀನಲ್ಲ. ನಿನ್ನ ಅಪ್ಪನ ಥರ ಹೇಳ್ತಿದ್ದೀನಿ."

ವಕೀಲೆ ಸಾವಿರ ಸಲ ಎಚ್ಚರಿಸಿದ್ದರು. ಅಪ್ಪನ ಥರ ಎಂಬ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಸರ್, ಅವತ್ತು ನಿಮಗೆ ಬಸ್ಸು ಸಿಕ್ಕಿತಾ?"

ಅವರು ನನ್ನ ಕಣ್ಣನ್ನೇ ನೋಡಿದರು. "ಸಿಗದೇ ಏನು? ದಿನಾ ಹೋಗೋ ಬಸ್ಸು."

"ಸೀಪ್ ಯಾರು ಗೆದ್ರು?"

ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಅಕ್ಕನ ಕೈ ನಿಂತಿತು. ಅವತ್ತು ಗಂಡ ಎಷ್ಟು ಹೊತ್ತಿಗೆ ಮನೆಗೆ ಬಂದರೆಂದು ಆಕೆಗೆ ಗೊತ್ತಿತ್ತು. ಅದು ಅವರ ಮುಖದಲ್ಲಿ ಕಂಡಿತು. ಮುಚ್ಚಳವನ್ನು ಮತ್ತೆ ಒತ್ತಿದರು. ಆಫೀಸರ್ ಎದ್ದು, "ದುರಹಂಕಾರ ಒಳ್ಳೇದಲ್ಲ," ಎಂದು ಹೇಳಿ ಮೆಟ್ಟಿಲು ಇಳಿದರು. ಡಬ್ಬಿ ನನ್ನ ಮೇಜಿನ ಮೇಲೆಯೇ ಉಳಿಯಿತು. ಬಿಸಿಬೇಳೆಭಾತನ್ನು ನಾಯಿಗೆ ಹಾಕಿದೆ. ಅಷ್ಟು ಚೆನ್ನಾಗಿ ಮಾಡುವ ಕೈ ಅದು, ತಿನ್ನಬೇಕೆನಿಸಿತು. ತಿನ್ನಲಿಲ್ಲ.

ವಕೀಲೆಗೆ ಫೋನು ಮಾಡಿ ಹೇಳಿದೆ. "ಒಂದು ಚುಚ್ಚುಮಾತಿನ ಸುಖಕ್ಕೆ ಆರು ವಾರ ನೀರಿಗೆ ಹಾಕಿದೆ," ಎಂದರು. ಬೈದದ್ದು ಸರಿ. ಬಸ್ಸಿನ ವಿಷಯ ನನಗೆ ಗೊತ್ತೆಂದು ಆಫೀಸರಿಗೆ ಈಗ ಗೊತ್ತಾಗಿತ್ತು.

ಮರುದಿನ ಸಂಜೆ ಅಂಕಲ್ ಬಸ್ಸಿಳಿದು ಬಂದವರು ಬೂಟು ಬಿಚ್ಚದೆ ಸೀದಾ ನನ್ನ ಮೆಟ್ಟಿಲು ಹತ್ತಿದರು. ನಾಲ್ಕು ವರ್ಷದಲ್ಲಿ ಅವರು ಮೇಲೆ ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ಆಫೀಸರ್ ಎಲೆ ಕಲಸುತ್ತ, ಪೊಲೀಸರೇನಾದರೂ ಕೇಳಿದರೆ ಆ ಗುರುವಾರ ನಾನು ಬಂದಿದ್ದೆ, ಆಡಿದ್ದೆವು ಎಂದುಬಿಡಿ ಎಂದು ಮೂವರಿಗೂ ಹೇಳಿದರಂತೆ. ಅಂಕಲ್‌ಗೆ ಇನ್ನೊಂದು ಮಾತೂ ಸೇರಿಸಿದರಂತೆ: ನಿಮ್ಮ ಮನೆಯಲ್ಲಿ ಇಂಥ ಹುಡುಗಿಯನ್ನು ಇಟ್ಟುಕೊಂಡಿದ್ದೀರಿ, ನಿಮ್ಮ ಹೆಸರೂ ಬರಬಾರದಲ್ಲ.

"ಕೇಳದಿದ್ದರೆ ನಾನು ಸುಮ್ಮನೇ ಇರುತ್ತಿದ್ದೆ," ಎಂದರು ಅಂಕಲ್, ಏದುಸಿರು ಬಿಡುತ್ತ. "ಸುಮ್ಮನಿರು ಅನ್ನಲಿ, ಸರಿ. ಸುಳ್ಳು ಹೇಳು ಅಂತಾನೆ. ಅದೂ ನನಗೇ ಧಮ್ಕಿ ಹಾಕಿ! ಎಲ್ಲಿ ಹೇಳಬೇಕೋ ಹೇಳು, ಬರುತ್ತೇನೆ."

ನನ್ನ ಮೂರ್ಖತನವೇ ಆಫೀಸರನ್ನು ಹೆದರಿಸಿ, ಆ ಹೆದರಿಕೆ ಅಂಕಲ್‌ರನ್ನು ನನ್ನ ಕಡೆಗೆ ತಂದಿತ್ತು. ಇದನ್ನು ಜಾಣತನ ಎಂದು ಯಾರಿಗೂ ಹೇಳಿಲ್ಲ.

ವಕೀಲೆ ಅವತ್ತೇ ಪತ್ರ ಬರೆದು ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟರು. ಆ ವಾರವೇ ನನ್ನನ್ನು ಮ್ಯಾಜಿಸ್ಟ್ರೇಟರ ಮುಂದೆ ಕೂರಿಸಿದರು. ನನಗಿಂತ ಹೆಚ್ಚೆಂದರೆ ಐದು ವರ್ಷ ದೊಡ್ಡವರಿರಬಹುದು, ಕೆಮ್ಮಿನಿಂದ ದನಿ ಹೋದ ಒಬ್ಬ ಹೆಂಗಸು. ಪೊಲೀಸರನ್ನು ಹೊರಗೆ ಕಳಿಸಿದರು. ಹೇಳಲೇಬೇಕೆಂಬ ಬಲವಂತ ಇಲ್ಲ, ಹೇಳಿದ್ದು ನಿಮ್ಮ ವಿರುದ್ಧವೇ ಬಳಕೆಯಾಗಬಹುದು, ಗೊತ್ತೇ ಎಂದು ಎರಡು ಸಲ ಕೇಳಿ, ಯೋಚಿಸಲು ಅರ್ಧ ಗಂಟೆ ಕೊಟ್ಟರು.

ಆ ಅರ್ಧ ಗಂಟೆ ನಾನು ಧರ್ಮ, ನ್ಯಾಯ ಎಂದೇನೂ ಯೋಚಿಸಲಿಲ್ಲ. ಕೆಲಸ ಹೋಗಬಹುದು. ಜೈ‌ಲೂ ಆಗಬಹುದು. ಹೋದರೆ ಆ ಮನುಷ್ಯನೂ ನನ್ನ ಜೊತೆ ಹೋಗುತ್ತಾನೆ ಎಂಬ ಒಂದು ಸಮಾಧಾನವನ್ನು ಹಿಡಿದುಕೊಂಡು ಕೂತಿದ್ದೆ. ಆಮೇಲೆ ಒಳಗೆ ಹೋಗಿ, ಆ ಸಹಿ ನನ್ನದು, ಆ ಸಮಯ ಸುಳ್ಳು, ಅದನ್ನು ಬರೆದಾಗ ಗಂಟೆ ಐದು ಹತ್ತು ಎಂದು ಶುರುಮಾಡಿದೆ.

ಹತ್ತು ದಿನದ ಮೇಲೆ, ಬೆಳಿಗ್ಗೆ ಹನ್ನೊಂದೂವರೆಗೆ, ಪೊಲೀಸರು ಆಫೀಸರನ್ನು ಕಚೇರಿಯಿಂದ ಕರೆದುಕೊಂಡು ಹೋದರು. ಅಷ್ಟರಲ್ಲಿ ಅವರ ಫೋನಿನ ಕರೆಗಳಿಂದ ಕೋಚಿಂಗ್ ಕೇಂದ್ರದವನ ಜಾಡು ಸಿಕ್ಕಿತ್ತು, ಇನ್ನಿಬ್ಬರು ಬಸ್ಸಿನವರೂ ಹೇಳಿಕೆ ಕೊಟ್ಟಿದ್ದರು. ನಾನು ಡಿಸ್ಪ್ಯಾಚಿನ ಮೇಜು ಬಿಟ್ಟು ಮೆಟ್ಟಿಲ ತಿರುವಿನಲ್ಲಿ ಬೇಕೆಂದೇ ಹೋಗಿ ನಿಂತೆ. ಅವರು ನನ್ನ ಮುಂದೆಯೇ ಇಳಿಯಬೇಕಿತ್ತು. ನನ್ನನ್ನು ನೋಡಬಾರದೆಂದು ಗೋಡೆಯ ಕಡೆ ಮುಖ ಮಾಡಿ ಇಳಿಯುವಾಗ ಒಂದು ಮೆಟ್ಟಿಲು ತಪ್ಪಿ ಎಡವಿದರು, ಕಾನ್‌ಸ್ಟೇಬಲ್ ತೋಳು ಹಿಡಿದ. ಆ ಎಡವಿದ್ದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಇಂಥದ್ದನ್ನು ಬರೆಯುವಾಗ ಕನಿಕರವಾಯಿತು ಎನ್ನಬೇಕೆಂದು ಗೊತ್ತಿದೆ. ನನಗೆ ಆಗಲಿಲ್ಲ.

ಅಕ್ಕ ಒಂದು ಸಲ ಫೋನು ಮಾಡಿದರು. ಜಾಮೀನು ಸಿಗುತ್ತಿಲ್ಲ, ಒಂದು ಮಾತು ಬದಲಿಸು ಎಂದು ಕೇಳಿದರು. "ಅಕ್ಕ, ಅವತ್ತು ಅವರು ಎಷ್ಟೊತ್ತಿಗೆ ಮನೆಗೆ ಬಂದ್ರು?" ಎಂದೆ. ಅವರು ಫೋನು ಇಟ್ಟರು. ಅವರ ಮೇಲೂ ನನಗೆ ಸಿಟ್ಟಿದೆ, ಆದರೆ ಅದು ಸ್ವಲ್ಪ ಬೇರೆ ಥರದ್ದು.

ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಆರೋಪಿಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ, ಸಾಕ್ಷಿಗಳ ಪಟ್ಟಿಯಲ್ಲಿ ಇತ್ತು. ಆಂಟಿ ಹಲ್ವಾ ಮಾಡಿದರು. ಇವತ್ತಾದರೂ ನಿದ್ದೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಆಫೀಸರ ವಕೀಲ ಕೋರ್ಟಿನಲ್ಲಿ ಎದ್ದು, ಈಕೆ ಸುಳ್ಳು ಬರೆದವಳು, ಇವಳ ಮಾತು ಯಾಕೆ ನಂಬಬೇಕು ಎನ್ನುವುದು ನನಗೆ ಮೊದಲೇ ಕೇಳಿಸುತ್ತಿತ್ತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಹಿ ನನ್ನದೇ.

ಇನ್ನೂ ನಾಲ್ಕು ತಿಂಗಳ ಮೇಲೆ, ಬಿಸಿಗಾಳಿ ಬೀಸುತ್ತಿದ್ದ ಒಂದು ಮಂಗಳವಾರ, ಇಲಾಖೆಯ ಆದೇಶ ಬಂತು. ಸುಳ್ಳು ನಮೂದಿಗಾಗಿ ನನ್ನ ಎರಡು ಇನ್‌ಕ್ರಿಮೆಂಟ್ ತಡೆದಿದ್ದರು, ಇನ್ನು ಮುಂದೆ ಗೋಪ್ಯ ಕೆಲಸಕ್ಕೆ ನನ್ನನ್ನು ಹಾಕಬಾರದೆಂದು ಬರೆದಿದ್ದರು. ಮೊದಲು ಬೆಂಚು ಬಿಟ್ಟು ಏಳುತ್ತಿದ್ದವರೇ ಬಂದು, ಇದು ಅನ್ಯಾಯ, ಅಪೀಲು ಹಾಕು ಎಂದರು. ನಾನು ಹಾಕಲಿಲ್ಲ. ಸ್ವೀಕರಿಸಿದ್ದೇನೆಂದು ಬರೆದು, ಅವತ್ತಿನ ದಿನಾಂಕ ಹಾಕಿ, ಕೈಗಡಿಯಾರ ನೋಡಿ ಸಮಯವನ್ನೂ ಬರೆದು ಸಹಿ ಮಾಡಿದೆ. ನನ್ನ ಸುಳ್ಳಿಗೆ ನನಗೆ ಶಿಕ್ಷೆಯಾಗಿತ್ತು. ಇನ್ನು ಆಫೀಸರ ವಕೀಲ ಅದನ್ನು ಎತ್ತಿದರೆ, ಹೌದು, ಅದಕ್ಕೆ ಶಿಕ್ಷೆಯನ್ನೂ ಉಂಡಿದ್ದೇನೆ ಎನ್ನಬಹುದಿತ್ತು. ಕೋರ್ಟಿನಲ್ಲಿ ಈಗ ಉಳಿದಿದ್ದದ್ದು ಅವರ ಸುಳ್ಳೊಂದೇ.

ಮನೆಗೆ ಬಂದು, ಕೂಲರಿಗೆ ನೀರು ತುಂಬಿ, ಆಂಟಿ ಕೊಟ್ಟ ರಾಜ್ಮಾ ಅನ್ನ ಉಂಡು ಒಂಬತ್ತೂವರೆಗೆ ಮಲಗಿದೆ. ಆಂಟಿ ಬಾಗಿಲು ಬಡಿದಾಗ ಬೆಳಿಗ್ಗೆ ಏಳೂ ಇಪ್ಪತ್ತು, ಬಿಸಿಲು ಹಾಸಿಗೆಯ ಮೇಲೆಯೇ ಇತ್ತು. ನನಗೇನೋ ಆಗಿದೆಯೆಂದು ಹೆದರಿ ಓಡಿ ಬಂದಿದ್ದರು. ಬಾಗಿಲು ತೆಗೆದ ಮೇಲೆ ನನ್ನ ಮುಖ ನೋಡಿ, ತಣ್ಣಗಾಗಿದ್ದ ಚಹಾ ಬಿಸಿ ಮಾಡಲು ಕೆಳಗೆ ಹೋದರು.